ಒಣಗದ ಅಂಟು

ಗೋಕಾಕ ಸೀಮೆಯಲ್ಲಿ ‘ಅಂಟು’ ಎಂದರೆ ಮೊದಲು ಬಾಯಲ್ಲಿ ನೀರೂರುತ್ತದೆ, ಕಾಗದ ನೆನಪಾಗುವುದು ಆಮೇಲೆ. ಜಾಲಿ ಜಾತಿಯ ಮರಗಳ ತೊಗಟೆಯಿಂದ ಒಸರುವ ಅಂಟನ್ನು ತುಪ್ಪದಲ್ಲಿ ಕರಿದರೆ ಅದು ಅರಳಿನ ಹಾಗೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆ ಕೂಡಿಸಿ, ಬೆಲ್ಲದ ಪಾಕದಲ್ಲಿ ಹಾಕಿ ತಟ್ಟಿದರೆ ಕರದಂಟು. ಕರಿದ ಅಂಟು ಎಂಬುದೇ ಹೆಸರಾಯಿತು. ಬಾಣಂತಿಯ ಸೊಂಟಕ್ಕೆ ಬಲ ಬರಲೆಂದು ಮಾಡುತ್ತಿದ್ದ ತಿನಿಸು ಈಗ ಊರಿಗೆ ಹೋಗಿ ಬಂದವರ ಕೈಯ ಡಬ್ಬಿ.

ತಿಂದು ಉಳಿದ ಅಂಟಿಗೆ ನಮ್ಮಲ್ಲಿ ಇನ್ನೊಂದು ಕೆಲಸವಿತ್ತು. ಅದನ್ನು ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದರೆ ಬೆಳಗಿಗೆ ಡಿಂಕ. ಶಾಲೆಯ ಪಟಕ್ಕೆ, ಹರಿದ ಹಾಳಿಗೆ, ಅಂಚೆ ಕಚೇರಿಯ ಮೇಜಿನ ಮೇಲಿನ ಬಾಟಲಿಗೆ ಅದೇ. ಡಿಂಕ ಇಲ್ಲದ ಮನೆಯಲ್ಲಿ ಗೋದಿ ಹಿಟ್ಟನ್ನು ಕುದಿಸಿದ ಗಂಜಿ. ಕೊಪ್ಪಳದ ಕಿನ್ನಾಳ ಗೊಂಬೆ ಮಾಡುವವರಿಗೆ ಹುಣಸೆ ಬೀಜದ ಅಂಟು. ಅಕ್ಕಸಾಲಿಗನಿಗೆ ಅರಗು. ಪಂಪಿನ ಪೈಪು ಸೋರಿದರೆ ರೈತನಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಟ್ಯೂಬು ಬಿಟ್ಟರೆ ಉಳಿದ ಇವೆಲ್ಲಕ್ಕೂ ಒಂದು ಸಮಾನ ಗುಣ: ಕಾಯಬೇಕು. ನೆನೆಯಲು ಕಾಯಬೇಕು, ಕುದಿಯಲು ಕಾಯಬೇಕು, ಹಚ್ಚಿದ ಮೇಲೆ ಒಣಗಲು ಕಾಯಬೇಕು. ಹಚ್ಚಿದ ಪುಸ್ತಕದ ಮೇಲೆ ರುಬ್ಬುವ ಗುಂಡು ಇಟ್ಟು, ‘ನಾಳೆ ಮುಂಜಾನೆತನಕ ಮುಟ್ಟಬ್ಯಾಡ’ ಎಂದು ಗದರಿಸುತ್ತಿದ್ದ ಅವ್ವಂದಿರ ಕಾಲ ಅದು.

ಈಗ ಆ ಮಾತು ಯಾರ ಮನೆಯಲ್ಲೂ ಕೇಳುವುದಿಲ್ಲ. ಕಣಗಲಾದಂಥ ಹೆದ್ದಾರಿ ಬದಿಯ ಊರಿನಲ್ಲಿ, ಸಂಕೇಶ್ವರ ದಾಟಿ ನಿಪ್ಪಾಣಿ ಮುಟ್ಟುವುದರೊಳಗೆ ಸಿಗುವ ಯಾವ ಅಂಗಡಿಗೆ ಹೋದರೂ ಮಾತು ಹೀಗೆ ನಡೆಯುತ್ತದೆ:

‘ಕಾಕಾ, ಒಂದ ಚಿಕಟಪಟ್ಟಿ ಕೊಡ್ರಿ.’

‘ಬಿಳೀದೋ, ಖಾಕೀದೋ, ಕರೀದೋ?’

ಆ ಮೂರು ಬಣ್ಣದೊಳಗೆ ಒಂದು ಮನೆಯ ಸಂಸಾರವೇ ಬಂತು. ಬಿಳಿದು ಎಂದರೆ ಆಚೆ ಕಾಣುವ ಪಾರದರ್ಶಕ ಟೇಪು: ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹಾಳಿ ಹಾಕಲು, ಹರಿದ ನೋಟಿಗೆ, ರಿಮೋಟಿನ ಮುಚ್ಚಳಕ್ಕೆ. ಖಾಕಿ ಎಂದರೆ ರಟ್ಟಿನ ಪೆಟ್ಟಿಗೆ ಕಟ್ಟುವ ಅಗಲ ಪಟ್ಟಿ. ಕರಿದು ಕರೆಂಟಿನ ಕೆಲಸಕ್ಕೆ. ‘ಚಿಕಟ’ ಎಂಬ ಮಾತು ಮರಾಠಿಯಿಂದ ನಮ್ಮ ಗಡಿಗೆ ಬಂದದ್ದು. ಧಾರವಾಡ ದಾಟಿದರೆ ‘ಗಮ್ ಟೇಪ್’, ಇನ್ನೂ ತೆಂಕಣಕ್ಕೆ ಹೋದರೆ ‘ಸೆಲ್ಲೋಟೇಪ್’. ಈ ಸೆಲ್ಲೋಟೇಪ್ 1937ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಒಂದು ಕಂಪನಿಯ ಸರಕಿನ ಹೆಸರು. ಅದರ ಪಟ್ಟಿಯ ವಸ್ತು ಸೆಲ್ಲೋಫೇನ್. ಆ ಹೆಸರು ಬೇರೆಯವರ ನೋಂದಾಯಿತ ಮುದ್ರೆಯಾಗಿದ್ದರಿಂದ ಇಂಗ್ಲಿಷಿನ ಮೊದಲ ಅಕ್ಷರವನ್ನು ಬದಲಿಸಿ ಬರೆದುಕೊಂಡರು. ಕನ್ನಡದಲ್ಲಿ ಬರೆದಾಗ ಎರಡೂ ‘ಸೆ’. ಆ ಜಾಣತನ ನಮ್ಮ ಲಿಪಿಗೆ ಬರುವ ಹೊತ್ತಿಗೆ ಕರಗಿಹೋಗಿದೆ.

ಆದರೆ ಪಟ್ಟಿಯ ಹುಟ್ಟೂರು ಬ್ರಿಟನ್ ಅಲ್ಲ, ಅಮೆರಿಕದ ಮಿನ್ನೆಸೋಟಾ. ಅಲ್ಲಿ ಗಣಿ ತೋಡಲೆಂದು 1902ರಲ್ಲಿ ಹುಟ್ಟಿದ ಕಂಪನಿಯೊಂದು ಅಂದುಕೊಂಡ ಕಲ್ಲು ಸಿಗದೆ ಕೊನೆಗೆ ಉಜ್ಜುಕಾಗದ ಮಾರಿಕೊಂಡು ಬದುಕುತ್ತಿತ್ತು. ಇಂದಿನ 3ಎಂ ಅದೇ. 1921ರಲ್ಲಿ ಅದರ ಪ್ರಯೋಗಾಲಯಕ್ಕೆ ಸೇರಿದ ರಿಚರ್ಡ್ ಡ್ರೂ ಎಂಬ ಹುಡುಗ ಎಂಜಿನಿಯರಿಂಗ್ ಕಾಲೇಜನ್ನು ಅರ್ಧಕ್ಕೇ ಬಿಟ್ಟವನು. ಕಾಲೇಜಿನ ಖರ್ಚಿಗೆಂದು ಕುಣಿತದ ಮೇಳಗಳಲ್ಲಿ ಬ್ಯಾಂಜೊ ಬಾರಿಸುತ್ತಿದ್ದ. ಕಂಪನಿಯಲ್ಲಿ ಅವನ ಕೆಲಸ ಉಜ್ಜುಕಾಗದದ ಮಾದರಿಗಳನ್ನು ಮೋಟಾರು ಗ್ಯಾರೇಜಿಗೆ ಒಯ್ದು ಪರೀಕ್ಷೆ ಮಾಡಿಸುವುದು.

ಆಗ ಎರಡು ಬಣ್ಣದ ಕಾರುಗಳ ಹುಚ್ಚು. ಒಂದು ಬಣ್ಣ ಹೊಡೆದ ಮೇಲೆ ಆ ಭಾಗವನ್ನು ಮುಚ್ಚಿ ಇನ್ನೊಂದು ಬಣ್ಣ ಹೊಡೆಯಬೇಕು. ಗ್ಯಾರೇಜಿನವರು ಹಳೇ ಪತ್ರಿಕೆಗೆ ಗಟ್ಟಿ ಅಂಟು ಬಳಿದು ಕಾರಿಗೆ ಮೆತ್ತುತ್ತಿದ್ದರು. ತೆಗೆಯುವಾಗ ಕಾಗದದ ಜೊತೆ ಹೊಸ ಬಣ್ಣವೂ ಎದ್ದು ಬರುತ್ತಿತ್ತು. 1923ರ ಒಂದು ದಿನ ಡ್ರೂ ಗ್ಯಾರೇಜಿಗೆ ಹೋದಾಗ ಹೀಗೆ ಕೆಟ್ಟ ಕಾರಿನ ಮುಂದೆ ನಿಂತ ಕೆಲಸಗಾರ ಬಾಯಿಗೆ ಬಂದಂತೆ ಬೈಯುತ್ತಿದ್ದ. ಉಜ್ಜುಕಾಗದದ ಹುಡುಗ ಅಂಟಿನ ವಿಷಯ ಏನೂ ಗೊತ್ತಿಲ್ಲದೆಯೇ ‘ನಾನು ಮಾಡಿಕೊಡುತ್ತೇನೆ’ ಎಂದು ಒಪ್ಪಿಕೊಂಡು ಬಂದ.

ಎರಡು ವರ್ಷ ಹಿಡಿಯಿತು. ನಡುವೆ ಕಂಪನಿಯ ಹಿರಿಯರು ‘ಇದು ಸಾಕು, ನಿನ್ನ ಉಜ್ಜುಕಾಗದ ನೋಡು’ ಎಂದರು. ಆತ ತಲೆಯಾಡಿಸಿ ಕದ್ದುಮುಚ್ಚಿ ಮುಂದುವರಿಸಿದ. 1925ಕ್ಕೆ ಸುಕ್ಕುಗಟ್ಟಿದ ಕ್ರೇಪ್ ಕಾಗದಕ್ಕೆ ಬಡಗಿಯ ಅಂಟು ಮತ್ತು ಗ್ಲಿಸರಿನ್ ಬೆರೆಸಿ ಬಳಿದ ಪಟ್ಟಿ ಸಿದ್ಧವಾಯಿತು. ಗ್ಲಿಸರಿನ್ ಸೇರಿದ್ದರಿಂದ ಅಂಟು ಒಣಗಿ ಕಲ್ಲಾಗಲಿಲ್ಲ. ಬೇಕಾದಾಗ ಹಿಡಿಯಿತು, ಎಳೆದರೆ ಬಣ್ಣ ಕೀಳದೆ ಬಿಟ್ಟಿತು. ಮೊದಲ ಮಾದರಿಯಲ್ಲಿ ಅಂಟು ಇದ್ದದ್ದು ಎರಡು ಅಂಚಿಗೆ ಮಾತ್ರ. ಅದು ಕಾರಿನಿಂದ ಜಾರಿ ಬಿದ್ದಾಗ ಬಣ್ಣದವನೊಬ್ಬ, ‘ಇದನ್ನ ನಿನ್ನ ಸ್ಕಾಚ್ ಯಜಮಾನರಿಗೆ ಒಯ್ದು ಕೊಡು, ಇನ್ನಷ್ಟು ಅಂಟು ಹಚ್ಚಾಕ ಹೇಳು’ ಎಂಬರ್ಥದಲ್ಲಿ ರೇಗಿದನೆಂದು ಕತೆ. ಸ್ಕಾಟ್ಲೆಂಡಿನವರು ಜಿಪುಣರು ಎಂಬುದು ಆ ಕಾಲದ ಕುಹಕ. ಆ ಬೈಗುಳವೇ ಸ್ಕಾಚ್ ಟೇಪ್ ಎಂಬ ಹೆಸರಾಗಿ ಪೆಟ್ಟಿಗೆಯ ಮೇಲೆ ಕೂತಿತು.

ಇದಕ್ಕೆ ಐದು ವರ್ಷದ ಮೇಲೆ ಬಂತು ನಮ್ಮ ‘ಬಿಳಿ’ ಟೇಪು. ಸ್ವಿಟ್ಜರ್ಲೆಂಡಿನ ಬ್ರಾಂಡನ್‌ಬರ್ಗರ್ ಕಂಡುಹಿಡಿದ ಸೆಲ್ಲೋಫೇನ್ ಆ ಹೊತ್ತಿಗೆ ಅಮೆರಿಕದ ಬೇಕರಿಗಳಲ್ಲಿ ರೊಟ್ಟಿ ಸುತ್ತುವ ಹೊಸ ಕಾಗದ. ಮರದ ತಿರುಳಿನಿಂದ ಮಾಡಿದ ಗಾಜಿನಂಥ ಹಾಳೆ. ಅದನ್ನು ಮುಚ್ಚಲು ಅದರಂತೆಯೇ ಕಾಣದ ಪಟ್ಟಿ ಬೇಕಿತ್ತು. ಸೆಲ್ಲೋಫೇನ್ ಹಟಮಾರಿ ವಸ್ತು: ಯಂತ್ರಕ್ಕೆ ಕೊಟ್ಟರೆ ಸೀಳುತ್ತಿತ್ತು, ಬಿಸಿ ತಾಗಿದರೆ ಸುರುಳುತ್ತಿತ್ತು, ಬಳಿದ ಅಂಟನ್ನು ಸಮನಾಗಿ ಹಿಡಿಯುತ್ತಿರಲಿಲ್ಲ. ಡ್ರೂನ ತಂಡ ಹಾಳೆಗೆ ಮೊದಲು ಒಂದು ತೆಳು ತಳಲೇಪ ಹಚ್ಚಿ, ಅದರ ಮೇಲೆ ಅಂಟು ಕೂರಿಸಿತು. ಸೆಪ್ಟೆಂಬರ್ 1930ರಲ್ಲಿ ಮೊದಲ ಸುರುಳಿಗಳು ಹೊರಬಿದ್ದವು.

ಹೊರಬಿದ್ದ ಹೊತ್ತು ನೋಡಿ. 1929ರಲ್ಲಿ ಅಮೆರಿಕದ ಶೇರುಪೇಟೆ ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದರು. ಅತ್ತ ಬೇಕರಿಗಳು ಸೆಲ್ಲೋಫೇನನ್ನು ಬಿಸಿಯಿಂದಲೇ ಬೆಸೆಯುವ ಹೊಸ ದಾರಿ ಹಿಡಿದವು. ಟೇಪು ಹುಟ್ಟಿದ ಕಾರಣವೇ ಕೆಲವು ಕಾಲದಲ್ಲಿ ಇಲ್ಲವಾಯಿತು. ಆದರೂ ಅದು ಉಳಿಯಿತು, ಏಕೆಂದರೆ ಕೈಯಲ್ಲಿ ಕಾಸಿಲ್ಲದ ಮನೆಗಳು ಅದನ್ನು ಬೇರೆಯದಕ್ಕೆ ಹಿಡಿದುಕೊಂಡವು. ಹರಿದ ಪುಸ್ತಕ, ಸೀಳಿದ ಕಿಟಕಿಯ ಪರದೆ, ಒಡೆದ ಆಟಿಗೆ, ಕಿತ್ತ ಗೋಡೆಕಾಗದ: ಹೊಸದು ಕೊಳ್ಳಲಾಗದವರು ಹಳೆಯದಕ್ಕೆ ಪಟ್ಟಿ ಹಾಕಿದರು. 1932ರಲ್ಲಿ ಕಂಪನಿಯ ಜಾನ್ ಬಾರ್ಡನ್ ಎಂಬಾತ ಹಲ್ಲಿನ ಬ್ಲೇಡಿರುವ ಡಬ್ಬಿ ಮಾಡಿದ ಮೇಲೆ ಉಗುರಿನಲ್ಲಿ ತುದಿ ಹುಡುಕುವ ಗೋಳೂ ತಪ್ಪಿತು. ನಮ್ಮಲ್ಲಿ ಆ ಡಬ್ಬಿ ಅಂಗಡಿಯ ಗಲ್ಲೆಯ ಮೇಲೆ ಬಿಟ್ಟರೆ ಮನೆಗಳಿಗೆ ಬರಲೇ ಇಲ್ಲ. ಹಲ್ಲಿನಿಂದ ಕಡಿಯುವ ಹಳೇ ರೂಢಿ ಇಂದಿಗೂ ನಡೆದಿದೆ.

ಈ ಅಂಟು ಹಳೆಯದಕ್ಕಿಂತ ಎಲ್ಲಿ ಬೇರೆ? ಬೆಲ್ಲದ ಪಾಕ ಕಂಡವರಿಗೆ ಇದನ್ನು ಬೇಗ ಹೇಳಬಹುದು. ನೀರಾಗಿರುವ ಕಬ್ಬಿನ ಹಾಲು ಕೈಗೆ ಹರಡುತ್ತದೆ, ಆದರೆ ಹಿಡಿಯುವುದಿಲ್ಲ. ಆರಿದ ಬೆಲ್ಲದ ಅಚ್ಚು ಗಟ್ಟಿ, ಆದರೆ ಏನಕ್ಕೂ ಅಂಟುವುದಿಲ್ಲ. ನಡುವೆ ಎಳೆಪಾಕದ ಒಂದು ಗಳಿಗೆ ಇದೆ: ಬೆರಳಿಗೆ ಮೆತ್ತಿಕೊಳ್ಳುವಷ್ಟು ಮೆತ್ತಗೆ, ಎಳೆದರೆ ಎಳೆಯಾಗಿ ಬರುವಷ್ಟು ಬಿಗಿ. ಡಿಂಕ, ಗಂಜಿ, ಫೆವಿಕಾಲ್ ಎಲ್ಲವೂ ನೀರಿನ ಹಂತದಲ್ಲಿ ಹಚ್ಚಿಸಿಕೊಂಡು ಅಚ್ಚಿನ ಹಂತಕ್ಕೆ ಹೋಗಿ ಹಿಡಿಯುತ್ತವೆ. ನೀರು ಆರಿದರೇ ಬಲ. ಟೇಪಿನ ಅಂಟು ಮಾತ್ರ ವರ್ಷಗಟ್ಟಲೆ ಎಳೆಪಾಕದಲ್ಲೇ ನಿಲ್ಲುತ್ತದೆ. ಬೆರಳು ಒತ್ತಿದ ಕೂಡಲೇ ಅದು ಕಾಗದದ ಕಣ್ಣಿಗೆ ಕಾಣದ ಉಬ್ಬುತಗ್ಗಿನೊಳಗೆ ಹರಿದು ಕೂರುತ್ತದೆ. ಅಣುಗಳು ಅಷ್ಟು ಹತ್ತಿರ ಬಂದಾಗ ಅವುಗಳ ನಡುವೆ ತಾನಾಗಿ ಇರುವ ಸಣ್ಣ ಸೆಳೆತವೇ ಸಾಕು. ಧೂಳು ಕೂತ ಜಾಗದಲ್ಲಿ ಟೇಪು ಹಿಡಿಯದಿರುವುದು ಇದಕ್ಕೇ: ಅದು ಧೂಳನ್ನು ಹಿಡಿದಿರುತ್ತದೆ, ಗೋಡೆಯನ್ನಲ್ಲ.

ಪಾಕವನ್ನು ಹಾಗೆ ಕಾಲಕ್ಕೆ ಕಟ್ಟಿಹಾಕುವುದು ಹೇಗೆ? ಬಿಳಿ ಟೇಪಿನಲ್ಲಿ ಮೊದಲ ಉತ್ತರ ರಬ್ಬರ್ ಹಾಲು. ರಬ್ಬರ್ ವಿಷಯ ಕಣಗಲಾಕ್ಕೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಕೇಂದ್ರ ಸರಕಾರದ ಎಚ್‌ಎಲ್‌ಎಲ್ ಲೈಫ್‌ಕೇರ್, ಅಂದರೆ ಮೊದಲಿನ ಹಿಂದೂಸ್ಥಾನ್ ಲೇಟೆಕ್ಸ್, 1985ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಕುಟುಂಬ ಯೋಜನೆಯ ನಿರೋಧ ಇಲ್ಲಿ ತಯಾರಾಗುವುದು ರಬ್ಬರ್ ಹಾಲಿನಿಂದಲೇ. ಅಲ್ಲಿ ಹಾಲಿಗೆ ಗಂಧಕ ಸೇರಿಸಿ ಕಾಯಿಸುತ್ತಾರೆ. ಉದ್ದುದ್ದ ಎಳೆಗಳಂಥ ಅಣುಗಳ ನಡುವೆ ಗಂಧಕ ಗಂಟು ಹಾಕುತ್ತದೆ. ರಬ್ಬರ್ ಎಳೆದಷ್ಟು ಹಿಗ್ಗಿ ಮತ್ತೆ ತನ್ನ ಅಳತೆಗೆ ಬರುತ್ತದೆ, ಅಂಟುವ ಗುಣ ಕಳೆದುಕೊಳ್ಳುತ್ತದೆ. ಟೇಪಿನವರಿಗೆ ಬೇಕಾದದ್ದು ಇದರ ತಿರುವುಮುರುವು. ಆ ಗಂಟುಗಳನ್ನು ಬಿಗಿಯದೆ, ಹಸಿ ರಬ್ಬರಿಗೆ ಮರದ ರಾಳ ಬೆರೆಸಿದರೆ ಮೆತ್ತುವ ಗುಣ ಹೆಚ್ಚುತ್ತದೆ. ಒಂದೇ ಮರದ ಹಾಲು ಒಂದು ಕಡೆ ಅಂಟದೆ ಇರಲು ಕಲಿಯುತ್ತದೆ, ಇನ್ನೊಂದು ಕಡೆ ಬಿಡದೆ ಅಂಟಲು. ಇಂದಿನ ಬಹಳಷ್ಟು ಟೇಪುಗಳಲ್ಲಿ ರಬ್ಬರಿನ ಬದಲು ಅಕ್ರಿಲಿಕ್ ಅಂಟು, ಸೆಲ್ಲೋಫೇನಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿವೆ; ಎಳೆಪಾಕದ ತತ್ವ ಮಾತ್ರ ಅದೇ.

ಸುರುಳಿಯೊಳಗೆ ಅಂಟು ತನ್ನ ಬೆನ್ನಿಗೇ ಕಚ್ಚಿಕೊಳ್ಳದಿರಲೆಂದು ಪಟ್ಟಿಯ ಹೊರಮೈಗೆ ಅಂಟು ಹಿಡಿಯಗೊಡದ ಇನ್ನೊಂದು ತೆಳು ಲೇಪ ಇರುತ್ತದೆ. ಆದರೂ ಬಿಡಿಸುವಾಗ ಚರ್‍ರೆಂದು ಸದ್ದಾಗುತ್ತದಲ್ಲ, ಅದು ಪಟ್ಟಿ ತಡೆದು ತಡೆದು ಬಿಡುವ ಸದ್ದು. ಕರೆಂಟು ಹೋದ ರಾತ್ರಿ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಟೇಪನ್ನು ಜೋರಾಗಿ ಎಳೆದು ನೋಡಿ: ಬಿಡುವ ಗೆರೆಯಲ್ಲಿ ತೆಳುವಾದ ನೀಲಿ ಬೆಳಕು ಮಿಣುಗುತ್ತದೆ. ಬೇರೆಯಾಗುವ ಎರಡು ಮೈಗಳ ನಡುವೆ ಸಣ್ಣ ಮಿಂಚು ಹೊಡೆಯುತ್ತದೆ, ಅಷ್ಟೆ. ಇದನ್ನೇ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಮಾಡಿ, ಹೊರಟ ಎಕ್ಸ್-ರೇಯಿಂದ ಒಂದು ಬೆರಳಿನ ಮೂಳೆಯ ಚಿತ್ರ ತೆಗೆದು 2008ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಎಲ್ಲರನ್ನೂ ಬೆರಗುಗೊಳಿಸಿದರು. ಮನೆಯಲ್ಲಿ ಗಾಳಿ ಇದೆ, ಹೆದರಬೇಕಿಲ್ಲ.

ಇನ್ನು ಕರಿ ಟೇಪು. ಇದರ ನಿಜವಾದ ಮನೆ ನಮ್ಮ ಹುಕ್ಕೇರಿ ಸೀಮೆಯ ಹೊಲ. ಇಲ್ಲಿಯ ಕರೆಂಟಿನ ಚರಿತ್ರೆ ರಾಜ್ಯದ ಬೇರೆ ಕಡೆಗಿಂತ ಭಿನ್ನ. ಘಟಪ್ರಭಾ ನದಿ ಗೋಕಾಕದಲ್ಲಿ ಧುಮ್ಮಿಕ್ಕುವಲ್ಲಿ 1887ರಷ್ಟು ಹಿಂದೆಯೇ ಗಿರಣಿಗಾಗಿ ನೀರಿನಿಂದ ವಿದ್ಯುತ್ ತೆಗೆದರು. ಹಳ್ಳಿಗಳಿಗೆ ಕರೆಂಟು ಹಂಚಲು 1969ರಲ್ಲಿ ಹುಕ್ಕೇರಿಯ ಜನ ಸ್ವಂತ ಸಹಕಾರಿ ಸಂಘವನ್ನೇ ಕಟ್ಟಿಕೊಂಡರು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ನಡೆದಿದೆ. ಕರೆಂಟು ಬಂದಲ್ಲಿ ಪಂಪ್‌ಸೆಟ್ಟು, ಪಂಪ್‌ಸೆಟ್ಟು ಇದ್ದಲ್ಲಿ ಕಬ್ಬು, ಕಬ್ಬಿನ ನಡುವೆ ಜೋಡಿಸಿದ ವಾಯರು, ಜೋಡಿಸಿದಲ್ಲೆಲ್ಲ ಕರಿ ಟೇಪು.

ಅದಕ್ಕೂ ಮೊದಲು ವಾಯರಿಗೆ ಸುತ್ತುತ್ತಿದ್ದದ್ದು ಡಾಂಬರು ಅಥವಾ ರಬ್ಬರ್ ತಿಂದ ಬಟ್ಟೆಯ ಪಟ್ಟಿ. ಬಿಸಿಲಿಗೆ ಕರಗಿ ಕೈಯೆಲ್ಲ ಕಪ್ಪು. 1940ರ ದಶಕದಲ್ಲಿ ಹಿಗ್ಗುವ ಪಿವಿಸಿ ಟೇಪು ಬಂದಾಗ ಆ ಗಲೀಜು ತಪ್ಪಿತು. ಕೆಲಸ ತಿಳಿದ ವಾಯರ್‌ಮನ್ ಸುತ್ತುವುದನ್ನು ನಿಂತು ನೋಡಬೇಕು. ಮೊದಲು ಫ್ಯೂಜು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ತಾಮ್ರದ ಎಳೆಗಳನ್ನು ಬಿಗಿಯಾಗಿ ಹೊಸೆಯುತ್ತಾನೆ. ಟೇಪನ್ನು ಸ್ವಲ್ಪ ಎಳೆದು, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮೈ ಮುಚ್ಚುವ ಹಾಗೆ ಹೋಗಿ ಬರುತ್ತಾನೆ. ಕೊನೆಯ ಸುತ್ತನ್ನು ಮಾತ್ರ ಎಳೆಯದೆ ಸುಮ್ಮನೆ ಒರಗಿಸಿ ಬೆರಳಿನಿಂದ ಒತ್ತುತ್ತಾನೆ. ಎಳೆದು ಮುಗಿಸಿದರೆ ತುದಿ ಕುಗ್ಗಿ ಎರಡು ದಿನದಲ್ಲಿ ಬಾಲ ಎತ್ತುತ್ತದೆ. ಮೂರು ಫೇಸಿನ ವಾಯರಿದ್ದರೆ ಕೆಂಪು, ಹಳದಿ, ನೀಲಿ ಟೇಪಿನಿಂದ ಗುರುತು. ‘ಟೇಪ್ ಸುತ್ತೂದು ಬಂದ್ರ ಅರ್ಧಾ ವಾಯರ್‌ಮನ್ ಆದಾಂಗ, ಕಾಕಾ’ ಎಂದು ಒಬ್ಬ ನನಗೆ ಹೇಳಿದ. ಉಳಿದ ಅರ್ಧ ಫ್ಯೂಜು ತೆಗೆಯುವ ಅಭ್ಯಾಸ. ಹಸಿ ಗದ್ದೆಯಲ್ಲಿ, ನಡೆದಿರುವ ಕರೆಂಟಿನ ಮೇಲೆ ಟೇಪು ಸುತ್ತಲು ಹೋದವರ ಸುದ್ದಿ ಓದಿದಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಖಾಕಿ ಟೇಪಿನ ಸುಗ್ಗಿ ಈಚಿನದು. ಬೆಂಗಳೂರಿನಿಂದ, ಪುಣೆಯಿಂದ ಹೆದ್ದಾರಿಯಲ್ಲಿ ಬರುವ ಪಾರ್ಸೆಲ್ಲುಗಳು ಅದನ್ನು ಉಟ್ಟುಕೊಂಡೇ ಬರುತ್ತವೆ. ಟೇಪು ಹುಟ್ಟಿಸಿದ ಅದೇ ಅಮೆರಿಕನ್ ಕಂಪನಿ 1987ರಲ್ಲಿ ಬಿರ್ಲಾ 3ಎಂ ಹೆಸರಿನಲ್ಲಿ ಬೆಂಗಳೂರಿಗೆ ಬಂತು. ಈಗಲೂ ಅದರ ಭಾರತದ ಮುಖ್ಯ ಕಚೇರಿ ಅಲ್ಲೇ. ಖಾಕಿ ಟೇಪಿಗೆ ಒಬ್ಬ ಗಟ್ಟಿಗ ಅಣ್ಣನಿದ್ದಾನೆ, ಬಟ್ಟೆಯ ಬೆನ್ನಿನ ಡಕ್ಟ್ ಟೇಪ್. ಎರಡನೆಯ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ವೆಸ್ಟಾ ಸ್ಟೌಟ್ ಎಂಬ ತಾಯಿಗೆ, ಪೆಟ್ಟಿಗೆಗೆ ಹಚ್ಚುತ್ತಿದ್ದ ಕಾಗದದ ಪಟ್ಟಿ ಎಳೆದರೆ ಹರಿದು, ರಣರಂಗದಲ್ಲಿ ಪೆಟ್ಟಿಗೆ ತೆರೆಯದೆ ಹುಡುಗರು ಸತ್ತಾರೆಂಬ ಚಿಂತೆ. ಅವಳ ಇಬ್ಬರು ಮಕ್ಕಳು ನೌಕಾಪಡೆಯಲ್ಲಿದ್ದರು. ಮೇಲಿನವರು ಕಿವಿಗೊಡದಿದ್ದಾಗ 1943ರಲ್ಲಿ ನೇರ ಅಧ್ಯಕ್ಷ ರೂಸ್‌ವೆಲ್ಟರಿಗೇ ಚಿತ್ರ ಬರೆದು ಪತ್ರ ಕಳಿಸಿದಳು. ನೀರು ಹೋಗದ ಬಟ್ಟೆ ಟೇಪು ಬಂತು. 1970ರಲ್ಲಿ ಚಂದ್ರನ ದಾರಿಯಲ್ಲಿ ಅಪೋಲೊ 13 ಕೆಟ್ಟಾಗ, ಉಸಿರಿನ ಗಾಳಿ ಶುದ್ಧಮಾಡುವ ಡಬ್ಬಿಗಳನ್ನು ಕೊಳವೆಗೆ ಜೋಡಿಸಿ ಮೂವರನ್ನು ಉಳಿಸಿದ್ದರಲ್ಲಿ ಆ ಬಗೆಯ ಟೇಪಿನ ಪಾಲೂ ಇತ್ತು. ಬಿಳಿ ಟೇಪಿಗೂ ತನ್ನದೇ ಬಿರುದು ಇದೆ. 2004ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ವಿಜ್ಞಾನಿಗಳು ಪೆನ್ಸಿಲ್ ಕಡ್ಡಿಯಲ್ಲಿರುವಂಥ ಗ್ರಾಫೈಟಿಗೆ ಟೇಪು ಹಚ್ಚಿ ಕಿತ್ತು, ಮತ್ತೆ ಹಚ್ಚಿ ಕಿತ್ತು, ಒಂದೇ ಪರಮಾಣುವಿನಷ್ಟು ದಪ್ಪದ ಗ್ರಾಫೀನ್ ಪದರ ಪಡೆದರು. 2010ರ ನೊಬೆಲ್ ಅದಕ್ಕೇ ಬಂತು.

ಇಷ್ಟು ಹೇಳಿದ ಮೇಲೆ ಮನೆಯೊಳಗಿನ ದೂರನ್ನೂ ಹೇಳಬೇಕು. ಟೇಪು ನಮಗೆ ಕೊಟ್ಟದ್ದು ಕಾಯದೆ ಮುಗಿಸುವ ಸುಖ. ಆ ಸುಖದ ಹಿಂದೆಯೇ ‘ಈಗ ಹಚ್ಚೂಣು, ಆಮ್ಯಾಲ ನೋಡಿದ್ರಾತು’ ಎಂಬ ಮಾತು ಬರುತ್ತದೆ. ಆ ‘ಆಮ್ಯಾಲ’ ಬರುವುದಿಲ್ಲ. ಹರಿದ ನೋಟಿಗೆ ಪಟ್ಟಿ ಹಚ್ಚಿ ಬಸ್ಸಿನ ಗದ್ದಲದಲ್ಲಿ ದಾಟಿಸಲು ನೋಡುತ್ತೇವೆ. ರಿಜರ್ವ್ ಬ್ಯಾಂಕಿನ ನಿಯಮದಂತೆ ಹರಿದ ನೋಟನ್ನು ಯಾವ ಬ್ಯಾಂಕಿನ ಶಾಖೆಯಲ್ಲೂ ಬದಲಿಸಬಹುದು ಎಂಬುದು ನೆನಪಾಗುವುದಿಲ್ಲ. ಕುರ್ಚಿಯ ಕಾಲಿಗೆ ಸುತ್ತಿದ ಟೇಪು ಬಡಗಿಯನ್ನು ಮರೆಸುತ್ತದೆ.

ಎಲ್ಲಕ್ಕಿಂತ ದೊಡ್ಡ ಏಟು ಬಿದ್ದಿರುವುದು ಮನೆಯ ಟ್ರಂಕಿನ ಕಾಗದಗಳಿಗೆ. ಹಳೇ ಉತಾರ, ಶಾಲೆಯ ದಾಖಲೆ, ಅಜ್ಜನ ಪತ್ರ ಮಡಿಕೆಯಲ್ಲಿ ಸೀಳಿದರೆ ಕೈ ಹೋಗುವುದು ಬಿಳಿ ಟೇಪಿಗೆ. ಒಣಗದ ಅಂಟಿನ ಬಲವೇ ಅಲ್ಲಿ ಅದರ ಕೇಡು. ಎಳೆಪಾಕ ನಿಂತಲ್ಲಿ ನಿಲ್ಲದೆ ಕಾಗದದ ನಾರಿನೊಳಗೆ ಇಳಿಯುತ್ತ ಹೋಗುತ್ತದೆ. ಗಾಳಿ, ಬೆಳಕು, ನಮ್ಮ ಏಪ್ರಿಲ್-ಮೇ ಬಿಸಿಲು ತಾಗಿ ರಬ್ಬರ್ ಅಂಟು ಮೊದಲು ಹಳದಿ, ಆಮೇಲೆ ಕಂದು. ಕಡೆಗೆ ಪ್ಲಾಸ್ಟಿಕ್ ಪಟ್ಟಿ ತಾನಾಗಿ ಉದುರುತ್ತದೆ, ಕಲೆ ಮಾತ್ರ ಕಾಗದದ ಹೊಟ್ಟೆಯಲ್ಲಿ ಉಳಿಯುತ್ತದೆ. ಅದು ನೀರಿಗೆ ಬಿಡುವುದಿಲ್ಲ. ತೆಗೆಯಲು ರಾಸಾಯನಿಕವೇ ಬೇಕು, ಆಗಲೂ ಪೂರ್ತಿ ಹೋಗುವ ಭರವಸೆ ಇಲ್ಲ.

ಹಳೇ ಕಾಗದ ಕಾಪಾಡುವುದನ್ನೇ ಕಸುಬು ಮಾಡಿಕೊಂಡವರು ಟೇಪನ್ನು ಹತ್ತಿರ ಬಿಡುವುದಿಲ್ಲ. ಅವರು ಬಳಸುವುದು ಉದ್ದ ನಾರಿನ ತೆಳ್ಳನೆಯ ಜಪಾನಿ ಕಾಗದ ಮತ್ತು ಗೋದಿಯ ಪಿಷ್ಟ ಕುದಿಸಿದ ಅಂಟು. ಹೌದು, ಅವ್ವನ ಗಂಜಿಯೇ, ಇನ್ನಷ್ಟು ಸೋಸಿದ್ದು. ಕಾರಣ ಸರಳ: ಅದು ಒಣಗುತ್ತದೆ, ಒಣಗಿದ ಮೇಲೆ ಇದ್ದಲ್ಲೇ ಇರುತ್ತದೆ, ನಾಳೆ ಯಾರಾದರೂ ತೆಗೆಯಬೇಕೆಂದರೆ ಒದ್ದೆ ಹತ್ತಿ ಇಟ್ಟರೆ ಬಿಟ್ಟುಕೊಡುತ್ತದೆ. ಅದರ ದೋಷ ಒಂದೇ, ಹುಳಕ್ಕೆ ರುಚಿ. ನಮ್ಮ ಹಳೇ ಬೈಂಡಿಂಗಿನವರು ಅದಕ್ಕೇ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ವಿಷವಾದ್ದರಿಂದ ಆ ಪಾತ್ರೆಯನ್ನು ಅಡುಗೆ ಮನೆಗೆ ತರುತ್ತಿರಲಿಲ್ಲ.

ನಮ್ಮ ಮನೆಯ ಟ್ರಂಕಿನಲ್ಲಿ ಹೊಲದ ಒಂದು ಹಳೇ ಕಾಗದ ಇದೆ. ಅದು ಎರಡು ಸಲ ಹರಿದಿತ್ತು. ಮೊದಲ ಸೀಳಿಗೆ ಯಾರೋ ಹಿರಿಯರು ಹಿಂದಿನಿಂದ ಪತ್ರಿಕೆಯ ತುಂಡೊಂದನ್ನು ಗಂಜಿಯಲ್ಲಿ ಹಚ್ಚಿದ್ದಾರೆ. ಆ ತುಂಡು ಕೆಂಪಾಗಿದೆ, ಹಿಡಿತ ಬಿಟ್ಟಿಲ್ಲ. ಎರಡನೆಯ ಸೀಳಿಗೆ ಟೇಪು ಹಚ್ಚಿದವನು ನಾನು, ಕಾಲೇಜಿಗೆ ಹೋಗುವಾಗ, ಎರಡೇ ನಿಮಿಷದಲ್ಲಿ. ಈಚೆಗೆ ತೆಗೆದು ನೋಡಿದರೆ ಪಟ್ಟಿ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಸರ್ವೆ ನಂಬರಿನ ಕೊನೆಯ ಅಂಕಿಯ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ. ಅದು ಮೂರೋ ಎಂಟೋ ಎಂದು ಗೊತ್ತುಮಾಡಿಕೊಳ್ಳಲು ಈ ವಾರ ತಲಾಠಿ ಕಚೇರಿಗೆ ಹೋಗಬೇಕಾಗಿದೆ. ಅಲ್ಲಿ ಕಾಯಬೇಕಾಗುತ್ತದೆ ಎಂದು ಈಗಲೇ ಹೇಳಿದ್ದಾರೆ.